ಕೂಸಿನ ಕೆನ್ನೆಯ ಚುಕ್ಕೆ

ಆ ಚುಕ್ಕೆಯನ್ನು ನಾನು ಒರೆಸಿದ್ದು ಒಂದು ಬುಧವಾರ ಬೆಳಿಗ್ಗೆ, ಸಿಟ್ಟಿನಲ್ಲಿ. ಆಮೇಲೆ ನನಗೆ ನಾನೇ ಏನೇನೋ ಕಾರಣ ಕೊಟ್ಟುಕೊಂಡೆ. ಕಸುಬಿನ ನಿಯಮ ಅಂದೆ, ಹೊತ್ತಿರಲಿಲ್ಲ ಅಂದೆ. ಎಲ್ಲ ಸುಳ್ಳು. ಸಿಟ್ಟು ಬಂದಿತ್ತು, ಒರೆಸಿದೆ.

ನಾನು ಹಳೆಯ ಚಿತ್ರಗಳನ್ನು ಶುಚಿ ಮಾಡುವವಳು. ಮೈಸೂರಿನಲ್ಲಿ ಚಿತ್ರಕಲೆ ಓದಿ, ಮದುವೆಯಾಗಿ ಟೆಕ್ಸಸ್ಸಿಗೆ ಬಂದು, ಡಾಲಸ್ಸಿನ ಒಂದು ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದು ಈ ವಿದ್ಯೆ ಕಲಿತೆ. ಈಗ ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ನ ನಮ್ಮ ಮನೆಯ ಗರಾಜೇ ನನ್ನ ಸ್ಟುಡಿಯೋ. ಕೆಲಸ ಕೇಳಿದರೆ ಸುಲಭ. ಕಡ್ಡಿಗೆ ಹತ್ತಿ ಸುತ್ತಿ, ದ್ರಾವಣದಲ್ಲಿ ಅದ್ದಿ, ಹೊಗೆ ಹಿಡಿದು ಹಳದಿಯಾದ ವಾರ್ನಿಷ್ಷನ್ನು ಬೆರಳಗಲ ಬೆರಳಗಲ ತೆಗೆಯುತ್ತ ಹೋಗಬೇಕು. ಹತ್ತಿ ಕಂದಾದರೆ ಅದನ್ನು ಮುಚ್ಚಳದ ಗಾಜಿನ ಜಾಡಿಗೆ ಹಾಕಿ ಹೊಸದು ಸುತ್ತಬೇಕು. ದಿನಕ್ಕೆ ನೂರು ಕಡ್ಡಿಯಾದರೂ ಆಗುತ್ತದೆ. ಸ್ಟುಡಿಯೋ ಬಾಗಿಲಿಗೆ ಯಾವಾಗಲೂ ಬೀಗ. ಗಂಡನಿಗೂ ಪ್ರವೇಶವಿಲ್ಲ, ಎಂಟು ವರ್ಷದ ಮಗಳಿಗೂ ಇಲ್ಲ. ಸಂಸಾರ ಬಾಗಿಲಾಚೆ, ಕೆಲಸ ಈಚೆ ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಆ ಚಿತ್ರ ಹ್ಯೂಸ್ಟನ್ನಿನ ಒಬ್ಬ ಮುದುಕಿಯದು. ಅವರ ಮುತ್ತಜ್ಜ ಬಿಡಿಸಿದ್ದು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಚಿತ್ರಕಾರ, ಅಂಥ ಹೆಸರುವಾಸಿಯಲ್ಲ. ಚಿತ್ರದಲ್ಲಿ ಬೆಳಗಿನ ಊಟದ ಮೇಜು. ಹೆಂಡತಿ ನೀಲಿ ಟೀಪಾಟಿನಿಂದ ಟೀ ಬಗ್ಗಿಸುತ್ತಿದ್ದಾಳೆ, ಮೂರು ಮಕ್ಕಳು ಜಗಳವಾಡುತ್ತಿವೆ, ಎತ್ತರದ ಕುರ್ಚಿಯಲ್ಲಿ ಕೂತ ಕಿರಿಯ ಕೂಸಿನ ಎದೆಯ ಮೇಲೆಲ್ಲ ಗಂಜಿ. ಆ ಕೂಸೇ ಮುಂದೆ ಈ ಮುದುಕಿಯ ಅಜ್ಜಿಯಾದದ್ದು. ಕೂಸಿನ ಎಡಗೆನ್ನೆಯ ಮೇಲೆ ಹೆಸರುಕಾಳಿನಷ್ಟು ಒಂದು ಕಪ್ಪು ಚುಕ್ಕೆ.

ನಿಜ ಹೇಳುತ್ತೇನೆ, ಚಿತ್ರ ನೋಡಿದ ಕೂಡಲೇ ನನಗೆ ಮುಖ ಸಿಂಡರಿಸುವಂತಾಗಿತ್ತು. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು, ಹೊಟ್ಟೆ ತುಂಬಿದವನಿಗೂ ಮನೆ ತುಂಬಿದವನಿಗೂ ಕಲೆ ಒಲಿಯುವುದಿಲ್ಲ ಎಂದು ತಲೆಗೆ ತುಂಬಿದ್ದರು. ಈ ಚಿತ್ರಕಾರನ ಓರಗೆಯವರೆಲ್ಲ ನದಿಗೆ ಬಿದ್ದು ಸತ್ತ ಹೆಣ್ಣುಗಳನ್ನೂ ಕವಚ ತೊಟ್ಟ ವೀರರನ್ನೂ ಬರೆಯುತ್ತಿದ್ದಾಗ ಈ ಪುಣ್ಯಾತ್ಮ ಗಂಜಿ ಬರೆಯುತ್ತ ಕೂತಿದ್ದನಲ್ಲ ಅಂದುಕೊಂಡೆ. ಆದರೆ ಸೋಮವಾರ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಬಣ್ಣದೊಳಗೇ ಹೂತುಹೋದ ಒಂದು ಬ್ರೆಡ್ಡಿನ ತುಣುಕು ಕಂಡಿತು. ಅಂಚಿನಲ್ಲಿ ಇನ್ನೊಂದು. ಹಸಿ ಬಣ್ಣದ ಮೇಲೆ ಬಿದ್ದು, ಅವನು ಅದನ್ನು ತೆಗೆಯದೆ ಅದರ ಮೇಲೇ ಕುಂಚ ಆಡಿಸಿದ್ದ. ಇದೇನಪ್ಪಾ ಕೊಳಕ ಎಂದು ಬೈದುಕೊಂಡೆ. ಆಗ ನನಗೆ ಅಷ್ಟೇ ಹೊಳೆದದ್ದು.

ಬುಧವಾರ ಬೀಗ ಹಾಕುವುದು ಮರೆತಿದ್ದೆ. ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ನಮ್ಮತ್ತೆ ಕೈಯಲ್ಲಿ ಚಹಾದ ಕಪ್ಪು ಹಿಡಿದು ಸೀದಾ ಒಳಗೆ ಬಂದುಬಿಟ್ಟರು. ಬಿಸಿ ಚಹಾ, ಮೇಜಿನ ಮೇಲೆ ಮಲಗಿಸಿದ ನೂರು ವರ್ಷಕ್ಕೂ ಹಳೆಯ ಚಿತ್ರ.

"ಅತ್ತೆ! ಅಲ್ಲೇ ನಿಂತ್ಕೊಳ್ಳಿ. ಮುಂದೆ ಬರ್ಬೇಡಿ!"

"ಯಾಕ ಒದರ್ತೀ? ಚಹಾ ಆರ್ತದಂತ ತಂದೆ." ಅವರು ನಿಂತರು, ಆದರೆ ಕುತ್ತಿಗೆ ಉದ್ದ ಮಾಡಿ ಚಿತ್ರ ನೋಡಿದರು. ಮುಖ ಅರಳಿತು. "ಅಯ್ಯ, ಈ ಕೂಸಿಗೆ ದೃಷ್ಟಿ ಬೊಟ್ಟು ಇಟ್ಟಾರಲ್ಲವಾ!"

"ಇಂಗ್ಲೆಂಡಿನ ಚಿತ್ರ ಅತ್ತೆ ಅದು. ಅವರಿಗೆಲ್ಲಿಯ ದೃಷ್ಟಿ ಬೊಟ್ಟು? ನೊಣದ ಗಲೀಜು."

"ನೊಣ ಬರೋಬ್ಬರಿ ಗಲ್ಲಕ್ಕ ಬಂದು ಕುಂದರ್ತದೇನು? ಯಾವ ದೇಶದಾಕಿ ಆದ್ರೇನು, ತಾಯಿ ತಾಯಿನ. ಅದನ್ನ ಒರಸಬ್ಯಾಡ ನೋಡು."

ಅಷ್ಟೇ ಮಾತು. ಆದರೆ ಆ "ಒರಸಬ್ಯಾಡ" ನನ್ನ ಹಳೇ ಗಾಯಕ್ಕೆ ಉಪ್ಪು ಹಾಕಿದಂತಾಯಿತು. ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಂದ ಅತ್ತೆ, ಒಂದು ವರ್ಷದ ಮಟ್ಟಿಗೆ ಇಲ್ಲೇ ಉಳಿದಿದ್ದರು. ದಿನಾ ಬೆಳಿಗ್ಗೆ ಕೂಸಿನ ಕೆನ್ನೆಗೆ ಇಷ್ಟು ದಪ್ಪ ಕಾಡಿಗೆ. ಹಗಲಿಡೀ ಕೂಸು ನೋಡಿಕೊಳ್ಳುವುದು ಅತ್ತೆಗೆ ಭಾರವೆಂದು ಡೇಕೇರಿಗೆ ಹಾಕಿದ್ದೆವು. ಅಲ್ಲಿಯವರು ಅದೇನು, ಗಾಯವಾ, ಕೊಳೆಯಾ ಎಂದು ಕೇಳಿದಾಗ ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಅತ್ತೆಯ ಎದುರು ಬೇಡ ಎನ್ನುವ ಧೈರ್ಯವಿರಲಿಲ್ಲ. ಡೇಕೇರಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ವೈಪ್ಸ್ ತೆಗೆದು, ಕೂಸು ಚೀರಿದರೂ ಬಿಡದೆ ಉಜ್ಜಿ ತೆಗೆದು ಒಳಗೆ ಬಿಡುತ್ತಿದ್ದೆ. ಅತ್ತೆಗೆ ಗೊತ್ತಾಗದಂತೆ. ಹಾಗೆ ಕದ್ದು ಒರೆಸಿದ ಸಿಟ್ಟು ಎಂಟು ವರ್ಷ ಒಳಗೇ ಕೂತಿತ್ತು ಅಂತ ಕಾಣುತ್ತದೆ.

ಅವರು ಆಚೆ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಚುಕ್ಕೆ ವಾರ್ನಿಷ್ಷಿನ ಮೇಲೆ ಇತ್ತು. ವಾರ್ನಿಷ್ಷಿನ ಮೇಲೆ ಇರುವುದು ಸಾಮಾನ್ಯವಾಗಿ ಚಿತ್ರಕಾರನದಲ್ಲ, ಆಮೇಲೆ ಅಂಟಿದ್ದು. ನಿಯಮವೇನೋ ಸರಿ. ಆದರೆ ಅನುಮಾನ ಬಂದದ್ದನ್ನು ಚಿತ್ರದ ಒಡೆಯರನ್ನು ಕೇಳದೆ ಮುಟ್ಟಬಾರದು ಎನ್ನುವುದೂ ನಿಯಮವೇ. ಬೇರೆ ದಿನವಾಗಿದ್ದರೆ ಫೋನ್ ಮಾಡುತ್ತಿದ್ದೆ. ಅವತ್ತು ಹತ್ತಿ ಸುತ್ತಿದೆ, ಅದ್ದಿದೆ, ಎರಡು ಸಲ ತಿರುಗಿಸಿದೆ. ಹೋಯಿತು. ಕೂಸಿನ ಕೆನ್ನೆ ಗುಲಾಬಿಯಾಗಿ ಹೊಳೆಯಿತು. ಎಂಥ ತೃಪ್ತಿ ಅಂತೀರಿ!

ಶನಿವಾರ ಮೇಲ್ ಬಂತು. ಆಸ್ಟಿನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಈ ಚಿತ್ರಕಾರನ ಪ್ರದರ್ಶನ, ಈ ಚಿತ್ರ ಹೋಗುವುದೂ ಅಲ್ಲಿಗೇ. ಅದನ್ನು ಏರ್ಪಡಿಸುತ್ತಿದ್ದಾಕೆ ಉದ್ದಕ್ಕೆ ಬರೆದಿದ್ದಳು. ಚಿತ್ರಕಾರನ ಹೆಂಡತಿ ತನ್ನ ತಂಗಿಗೆ ಬರೆದ ಕಾಗದಗಳು ಸಿಕ್ಕಿವೆಯಂತೆ. ಅವನಿಗೆ ಬೇರೆ ಸ್ಟುಡಿಯೋ ಇರಲೇ ಇಲ್ಲವಂತೆ. ಅವನಿಗೆಂದೇ ಮಾಡಿಸಿದ ಒಂದು ಕೋಣೆಯನ್ನು ಎರಡೇ ತಿಂಗಳಿಗೆ ಬಿಟ್ಟು, ಅಲ್ಲಿ ಸದ್ದೇ ಇಲ್ಲ, ಕೈ ಓಡುವುದಿಲ್ಲ ಎಂದು ಊಟದ ಮನೆಗೆ ವಾಪಸು ಬಂದನಂತೆ. ಹೆಂಡತಿ ಪತ್ರಿಕೆ ಗಟ್ಟಿಯಾಗಿ ಓದಬೇಕು, ಮಕ್ಕಳು ಕಾಲಿಗೆ ಸಿಗಬೇಕು. ಮಧ್ಯಾಹ್ನದ ಊಟಕ್ಕೆ ಮೇಜು ಖಾಲಿ ಮಾಡಬೇಕಾದ್ದರಿಂದ ಅವನ ಚಿತ್ರಗಳಲ್ಲೆಲ್ಲ ಬೆಳಗಿನ ಒಂಬತ್ತರ ಬಿಸಿಲು. ಗಂಜಿ ಆರುವುದರೊಳಗೆ ಕೂಸಿನ ಮುಖ ಹಿಡಿಯಬೇಕಾದ್ದರಿಂದ ಆ ಅವಸರದ, ತೆಳುವಾದ, ಹಸಿ ಮೇಲೆ ಹಸಿಯಾದ ಕುಂಚ. ಕಿರಿ ಮಗಳು ಮದುವೆಯಾಗಿ ಹೋದ ಮೇಲೆ ಮನೆಯೊಳಗನ್ನು ಅವನು ಬರೆಯಲೇ ಇಲ್ಲ, ಬರೀ ಹಣ್ಣು ಬರೆದನಂತೆ. ಓದುತ್ತ ಓದುತ್ತ ಬ್ರೆಡ್ಡಿನ ತುಣುಕು ನೆನಪಾಯಿತು. ಅದು ಕೊಳಕಲ್ಲ, ಅವನ ಕೆಲಸದ ರೀತಿಯೇ ಅದು. ಸುಖ ಅವನ ಚಿತ್ರದ ವಿಷಯವಷ್ಟೇ ಅಲ್ಲ, ಅವನ ಕೈಯೂ ಆಗಿತ್ತು. ಮೇಷ್ಟ್ರು ಹೇಳಿದ್ದು ತಪ್ಪು ಎಂದು ನನಗೆ ಮೊದಲ ಸಲ ಅನ್ನಿಸಿತು.

ಮೇಲ್‌ನ ಕೊನೆಯಲ್ಲಿತ್ತು ಆ ಮಾತು. ಚಿತ್ರ ಮುಗಿದು ವಾರ್ನಿಷ್ ಒಣಗಿದ ದಿನ, ಅವನು ಒಂದು ಮಗುವನ್ನು ಎತ್ತಿ ಹಿಡಿದು, ಕೈಗೆ ಕುಂಚ ಕೊಟ್ಟು, ಎಲ್ಲಿ ಬೇಕಾದರೂ ಒಂದು ಚುಕ್ಕೆ ಇಡು ಅನ್ನುತ್ತಿದ್ದನಂತೆ. ಒಂದು ಚಿತ್ರದಲ್ಲಿ ಹಿರಿಮಗ ಮೇಜಿನ ಕಾಲಿಗೆ ಇಟ್ಟಿದ್ದಾನೆ. ಇನ್ನೊಂದರಲ್ಲಿ ಮಗಳು ಬೆಕ್ಕಿನ ಬಾಲಕ್ಕೆ. ಕಿರಿಯವಳು ಚಿತ್ರದಲ್ಲಿ ತನ್ನನ್ನು ಗುರುತು ಹಿಡಿದು ತನ್ನ ಕೆನ್ನೆಗೇ ಇಟ್ಟಳಂತೆ. ನಿಮ್ಮಲ್ಲಿರುವುದು ಅದೇ ಚಿತ್ರ, ಆ ಚುಕ್ಕೆಯ ಹತ್ತಿರದ ಫೋಟೋ ಒಂದು ಕಳಿಸಿ, ಅದೇ ಪ್ರದರ್ಶನದ ಜೀವಾಳ ಎಂದು ಬರೆದಿದ್ದಳು.

ಸ್ಟುಡಿಯೋಗೆ ಓಡಿಹೋಗಿ ಗಾಜಿನ ಜಾಡಿಯನ್ನು ಮೇಜಿನ ಮೇಲೆ ಸುರಿದೆ. ಸೋಮವಾರದಿಂದ ಶುಕ್ರವಾರದವರೆಗಿನ ಹತ್ತಿ, ಎಲ್ಲ ಒಂದೇ ಕಂದು ಬಣ್ಣ. ಒಂದೊಂದನ್ನೇ ದೀಪದ ಕೆಳಗೆ ಹಿಡಿದು ನೋಡಿದೆ. ಮಗಳು ಬಾಗಿಲು ಬಡಿದು "ಮಾಮ್, ಲಂಚ್" ಎಂದರೆ ಹೋಗೇ ಆ ಕಡೆ ಎಂದು ಗದರಿದೆ. ಕೊನೆಗೆ ಸಿಕ್ಕಿತು. ಒಂದು ಕಡ್ಡಿಯ ತುದಿ ಮಾತ್ರ ಬೂದಿ ಬಣ್ಣಕ್ಕಿತ್ತು. ಆ ಕೂಸಿನ ಕೈಯಿಂದ ಉಳಿದದ್ದು ಅಷ್ಟೇ.

ವಾರಕ್ಕೆ ಮೂರು ದಿನ ಆಸ್ಟಿನ್ನಿನಲ್ಲಿ ಕೆಲಸ ಮಾಡುವ ಗಂಡ ಅವತ್ತೂ ಅಲ್ಲೇ ಉಳಿದಿದ್ದ. ಅವನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವನಿಗೆ ಅರ್ಥವೇ ಆಗಲಿಲ್ಲ. "ಒಂದ್ ಚುಕ್ಕಿ ಹೌದಿಲ್ಲೋ? ಮೊದ್ಲಿನ ಫೋಟೋ ಅದ ಅಲ್ಲ? ನೋಡ್ಕೊಂಡು ಇಟ್ಟುಬಿಡು. ಯಾರಿಗ್ ಗೊತ್ತಾಗ್ತದ?" ಅಂದ.

ಇಟ್ಟೆ. ಭಾನುವಾರ ಬೆಳಿಗ್ಗೆ, ಶುಚಿ ಮಾಡುವ ಮೊದಲು ತೆಗೆದಿಟ್ಟ ಫೋಟೋ ಎದುರಿಗಿಟ್ಟುಕೊಂಡು, ಅತಿ ಸಣ್ಣ ಕುಂಚದಿಂದ. ಮಗು ಇಟ್ಟ ಚುಕ್ಕೆ ದುಂಡಗಿರುವುದಿಲ್ಲ, ಬಲಗಡೆ ಒಂದಿಷ್ಟು ಜಾರಿರುತ್ತದೆ. ಆ ಜಾರುವಿಕೆಯನ್ನೂ ಬಿಡದೆ ನಕಲು ಮಾಡಿದೆ. ಐದು ನಿಮಿಷ ಹಿಡಿಯಲಿಲ್ಲ. ನನ್ನ ಕೈಚಳಕದ ಮೇಲೆ ನನಗೇ ಹೇಸಿಗೆಯಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಹೊಸ್ತಿಲು ದಾಟಿರಲಿಲ್ಲ.

"ಮತ್ತ ಇಟ್ಟಿಯೇನು?" ಅಂದರು.

"ಹೂಂ."

ಅವರು ಅಡುಗೆಮನೆಗೆ ಹೋದರು. ನಾನು ಹೇಳಿರಲಿಲ್ಲವಾ ಎಂದು ಒಂದು ಮಾತು ಅಂದಿದ್ದರೆ ನನಗೆ ಜಗಳವಾಡಲು ದಾರಿಯಾಗುತ್ತಿತ್ತು.

ಚಿತ್ರವನ್ನು ಹ್ಯೂಸ್ಟನ್ನಿಗೆ ಒಯ್ದು ಒಡತಿಗೆ ಒಪ್ಪಿಸಬೇಕಿತ್ತು. ಅವರು ನೋಡಿ ಒಪ್ಪಿದ ಮೇಲೆ ಮ್ಯೂಸಿಯಮ್ಮಿನವರು ಬಂದು ಒಯ್ಯುತ್ತಾರೆ. ಅದೇ ಊರಿನ ಎನರ್ಜಿ ಕಾರಿಡಾರ್ ಬಡಾವಣೆಯ ಹತ್ತಿರ ಅತ್ತೆಯ ತಂಗಿಯ ಮಗಳ ಮನೆಯಿದೆ, ಚಿತ್ರ ಒಪ್ಪಿಸಿದ ಮೇಲೆ ಅಲ್ಲಿಗೆ ಬಿಡು ಎಂದು ಅತ್ತೆಯೂ ಹೊರಟರು. ಹಿಂದಿನ ಸೀಟಿನಲ್ಲಿ ಪಟ್ಟಿ ಬಿಗಿದ ಚಿತ್ರ, ಪಕ್ಕದಲ್ಲಿ ಅತ್ತೆ, ನಾಲ್ಕೂವರೆ ಗಂಟೆಯ ದಾರಿ. ನಾನು ರೇಡಿಯೋ ಹಾಕಿದೆ, ಆರಿಸಿದೆ. ಟ್ರಕ್ಕು ಪಕ್ಕಕ್ಕೆ ಬಂದರೆ ಬೈದೆ. ಅತ್ತೆ ಡಬ್ಬಿ ತೆಗೆದು ಅವಲಕ್ಕಿ ಕೊಟ್ಟರು. ಬೇಡ ಅಂದೆ.

"ಆ ಹ್ಯೂಸ್ಟನ್ನಿನ ಬಾಯಾರಿಗೆ ಚುಕ್ಕಿ ಅಂದ್ರ ಭಾಳ ಜೀವೇನು?" ಎಂದು ಕೇಳಿದರು ಸ್ವಲ್ಪ ಹೊತ್ತಿಗೆ.

"ಯಾಕೆ ಕೇಳ್ತಿದೀರಾ? ನಾನೇನು ಕದ್ದಿದೀನಾ?" ಎಂದು ಹಾರಿಬಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಸುಮ್ನ ಕೇಳಿದೆನವಾ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಲೆಕ್ಕ ಹಾಕಿದ್ದೆ. ಹೇಳಿದರೆ ಈ ಮುದುಕಿ ಬಿಡುವುದಿಲ್ಲ, ಮ್ಯೂಸಿಯಮ್ಮಿಗೂ ಗೊತ್ತಾಗುತ್ತದೆ, ಈ ಕಸುಬಿನಲ್ಲಿ ಸುದ್ದಿ ನಿಲ್ಲುವುದಿಲ್ಲ. ಒಬ್ಬಳೇ ಕಟ್ಟಿದ ಸ್ಟುಡಿಯೋ ಮುಚ್ಚಬೇಕಾದೀತು. ಹೇಳದಿದ್ದರೆ ಏನೂ ಆಗುವುದಿಲ್ಲ. ಹೇಳುವುದಿಲ್ಲ ಎಂದೇ ಗಟ್ಟಿ ಮಾಡಿಕೊಂಡು ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಆದರೂ ಆ ಬೂದಿ ಹತ್ತಿಯ ಕಡ್ಡಿಯನ್ನು ಒಂದು ಸಣ್ಣ ಡಬ್ಬಿಯಲ್ಲಿಟ್ಟು ಬ್ಯಾಗಿಗೆ ಹಾಕಿಕೊಂಡಿದ್ದೆ. ಯಾಕೆ ಅಂತ ಕೇಳಿದರೆ ನನಗೂ ಗೊತ್ತಿಲ್ಲ.

ಅತ್ತೆಯನ್ನು ಬಿಸಿಲಲ್ಲಿ ಕೂರಿಸುವಂತಿರಲಿಲ್ಲ, ಒಳಗೆ ಕರೆದುಕೊಂಡು ಹೋದೆ. ಮುದುಕಿ ಅವರನ್ನು ಸೋಫಾದಲ್ಲಿ ಕೂರಿಸಿ ನೀರು ಕೊಟ್ಟರು. ಚಿತ್ರವನ್ನು ಊಟದ ಮೇಜಿನ ಮೇಲೆ ಗೋಡೆಗೆ ಒರಗಿಸಿದೆ. ನೀಲಿ ಟೀಪಾಟು ಬೆಳಗುತ್ತಿತ್ತು. ಅವರು ಬಹಳ ಹೊತ್ತು ನೋಡಿದರು. ಆಸ್ಟಿನ್ನಿನಾಕೆ ಅವರಿಗೂ ಕಾಗದಗಳ ವಿಷಯ ಹೇಳಿದ್ದಳು.

"ಹುಟ್ಟಿದಾಗಿನಿಂದ ಈ ಚುಕ್ಕೆ ನೋಡುತ್ತಿದ್ದೇನೆ," ಎಂದರು. "ಕೊಳೆ ಅಂದುಕೊಂಡಿದ್ದೆ. ಅಜ್ಜಿ ಸಾಯುವಾಗ ನನಗೆ ಒಂಬತ್ತು ವರ್ಷ. ಅವಳ ಕೈಬರಹ ಕೂಡ ನನ್ನ ಹತ್ತಿರ ಒಂದಿಲ್ಲ. ಈಗ ನೋಡಿದರೆ ಅವಳ ಕೈ ಇಷ್ಟು ವರ್ಷ ಇಲ್ಲೇ ಗೋಡೆಯ ಮೇಲಿತ್ತು."

ಅವರ ತೋರುಬೆರಳು ನನ್ನ ಚುಕ್ಕೆಯ ಹತ್ತಿರ ಹೋಗಿ, ಮುಟ್ಟದೆ, ಅಲ್ಲೇ ನಿಂತಿತು. ಕಣ್ಣು ತುಂಬಿತ್ತು. ನನ್ನ ಸುಳ್ಳಿನ ಎದುರು ಒಬ್ಬಳು ಅಳುತ್ತಿದ್ದಳು. ನಾನು ಅತ್ತೆಯ ಕಡೆ ನೋಡಿದೆ. ಇಂಗ್ಲಿಷ್ ಬಾರದ ಅವರಿಗೆ ಎಲ್ಲ ತಿಳಿದಿತ್ತು. ನೀರಿನ ಗ್ಲಾಸು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಅದು ಅವರ ಚುಕ್ಕೆ ಅಲ್ಲ," ಅಂದೆ. "ನನ್ನದು. ನಿಮ್ಮ ಅಜ್ಜಿಯದನ್ನು ನಾನು ಒರೆಸಿಬಿಟ್ಟೆ."

ಡಬ್ಬಿ ತೆಗೆದು ಹತ್ತಿಯ ಕಡ್ಡಿ ತೋರಿಸಿದೆ. ನಡೆದದ್ದನ್ನೆಲ್ಲ ಹೇಳಿದೆ. ನಿಯಮ ಗಿಯಮ ಅನ್ನಲಿಲ್ಲ, ಸಿಟ್ಟಿನಲ್ಲಿ ಮಾಡಿದೆ ಅಂದೆ. ಅವರು ಕುರ್ಚಿ ಹಿಡಿದು ಕೂತರು. ಅತ್ತೆ ಎದ್ದು ಬಂದು ನನ್ನ ತೋಳು ಹಿಡಿದು ಮೆಲ್ಲಗೆ, "ನನ್ನಿಂದ ಆತು ಅಂತ ಹೇಳು. ಚಹಾ ಚೆಲ್ಲಿದೆ ಅಂತ ಹೇಳು. ವಯಸ್ಸಾದಾಕಿ, ನನಗೇನಂತಾರ?" ಅಂದರು.

"ಬೇಡ ಅತ್ತೆ. ಹೇಳಿ ಆಯ್ತು," ಅಂದೆ.

ಮುದುಕಿ ತಲೆ ಎತ್ತಿದಾಗ ಕಣ್ಣು ಒಣಗಿತ್ತು. "ನಿಮ್ಮದನ್ನು ತೆಗೆಯಿರಿ," ಎಂದರು. "ಈಗಲೇ. ನನ್ನ ಮುಂದೆ."

ಬ್ಯಾಗಿನಲ್ಲಿ ಸಾಮಾನಿತ್ತು. ಹತ್ತಿ ಸುತ್ತಿದೆ. ಮೊದಲನೆಯದು ಬಿಚ್ಚಿಕೊಂಡಿತು. ಮತ್ತೊಂದು ಸುತ್ತಿ, ಅದ್ದಿ, ಅದೇ ಕೆನ್ನೆಯನ್ನು ಎರಡನೇ ಸಲ ಒರೆಸಿದೆ. ಅವರು ಒರೆಸಿದ ಜಾಗ ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದರು. ಆಮೇಲೆ ಬೂದಿ ಹತ್ತಿಯ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ಹಾಕಿದರು. "ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ನನ್ನ ಮನೆಯ ಇನ್ನೊಂದು ಚಿತ್ರ ನಿಮ್ಮ ಕೈಗೆ ಬರುವುದಿಲ್ಲ," ಎಂದು ಬಾಗಿಲ ತನಕ ಬಂದು ಅತ್ತೆಯ ಕೈಯನ್ನು ಮಾತ್ರ ಕುಲುಕಿದರು.

ಆಸ್ಟಿನ್ನಿನಾಕೆಗೆ ಅವತ್ತೇ ಬರೆದೆ. ಎರಡು ಸಾಲಿನ ಉತ್ತರ ಬಂತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆ ವರ್ಷ ನನಗೆ ಬರಬೇಕಿದ್ದ ಎರಡು ಕೆಲಸ ತಪ್ಪಿದವು. ಸ್ಟುಡಿಯೋ ಮುಚ್ಚಲಿಲ್ಲ. ಅಷ್ಟು ಮಟ್ಟಿಗೆ ಪಾರಾದೆ.

ಪ್ರದರ್ಶನ ತೆರೆದ ತಿಂಗಳು ಎಲ್ಲರೂ ಆಸ್ಟಿನ್ನಿಗೆ ಹೋದೆವು. ನನಗೆ ಮನಸ್ಸಿರಲಿಲ್ಲ. ನೋಡಾಕಬೇಕು ಎಂದು ಹಟ ಹಿಡಿದವರು ಅತ್ತೆ. ಗಂಡ ಪಾರ್ಕಿಂಗ್ ಹುಡುಕುತ್ತ ಹೊರಗುಳಿದ. ಮೂರು ಚಿತ್ರಗಳನ್ನು ಸಾಲಾಗಿ ಹಾಕಿದ್ದರು. ಮೇಜಿನ ಕಾಲಿನ ಚುಕ್ಕೆ, ಬೆಕ್ಕಿನ ಬಾಲದ ಚುಕ್ಕೆ. ಮೂರನೆಯದರ ಪಕ್ಕ ಒಂದು ಸಣ್ಣ ಹಳೇ ಫೋಟೋ, ಅದರ ಕೆಳಗೆ ಒಂದೇ ಸಾಲು: ಮಗು ಇಟ್ಟ ಗುರುತು ಇತ್ತೀಚಿನ ಶುಚಿಕಾರ್ಯದಲ್ಲಿ ಅಳಿದುಹೋಗಿದೆ. ನನ್ನ ಹೆಸರಿರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತೇನೋ.

ಮಗಳು ಮೂರನ್ನೂ ನೋಡಿ ಬಂದು, "ವೇರ್ ಈಸ್ ಹರ್ ಡಾಟ್?" ಎಂದಳು.

"ನಾನು ಒರೆಸಿಬಿಟ್ಟೆ ಕಣೇ."

"ವೈ?"

"ಅಜ್ಜಿ ಬೇಡ ಅಂದ್ರು. ಅದಕ್ಕೆ."

ಅತ್ತೆ ನಗಲಿಲ್ಲ. "ನಿನ್ನ ಗಲ್ಲದ್ದೂ ಒರಸ್ತಿದ್ಲು ನಿಮ್ಮವ್ವ," ಎಂದು ಮೊಮ್ಮಗಳ ತಲೆ ಸವರಿದರು. "ಕಾರಿನ್ಯಾಗ. ದಿನಾ."

ನಾನು ಅವರ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಾ?"

"ಸಂಜೀಕ ಕೂಸು ಖಾಲಿ ಗಲ್ಲ ಹೊತ್ಕೊಂಡು ಮನಿಗೆ ಬರ್ತಿತ್ತು. ನನಗ ಕಣ್ಣಿಲ್ಲೇನು?"

"ಮತ್ತೆ ಒಂದು ಮಾತೂ ಆಡ್ಲಿಲ್ಲವಲ್ಲ ಅತ್ತೆ ನೀವು."

"ಆಡೋದೇನದ? ನೀ ಒರಸ್ತಿದ್ದಿ, ಮರುದಿನ ಮುಂಜಾನೆ ನಾ ಮತ್ತ ಇಡ್ತಿದ್ದೆ. ನಡೀತಿತ್ತು." ಅವರು ಚಿತ್ರದ ಕೂಸಿನ ಕಡೆ ನೋಡಿದರು. "ಇದಕ್ಕ ಮತ್ತ ಇಡಾಕಿ ಎಲ್ಲಿಂದ ಬರಬೇಕು?"